ಕಠ್ಮಂಡುವಿನ ಸ್ವಯಂಭುನಾಥ: ಮಂಡಿ ನೋವಿನ ಅವ್ವ, ಪ್ರಶ್ನೆ ಕೇಳುವ ದೊಡ್ಡವ್ವ. ಕರೆದುಕೊಂಡು ಹೋಗಬಹುದಾ?

ಉಣಕಲ್ ಹುಡುಗ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ದೀಪಾವಳಿ ಮುಗಿದ ಮೇಲೆ ಅವ್ವ ಮತ್ತು ದೊಡ್ಡವ್ವನನ್ನು ಕಠ್ಮಂಡುವಿಗೆ ಕರೆದುಕೊಂಡು ಹೋಗುವ ವಿಚಾರ ಇದೆ. ಪಶುಪತಿನಾಥನ ದರ್ಶನ ಇಬ್ಬರದ್ದೂ ಬಹಳ ವರ್ಷದ ಆಸೆ. ಅದರ ಬಗ್ಗೆ ನನಗೆ ಚಿಂತೆ ಇಲ್ಲ. ನನ್ನ ತಲೆಬಿಸಿ ಎಲ್ಲ ಸ್ವಯಂಭುನಾಥದ್ದು. ಊರಿನ ಪಡುವಣಕ್ಕೆ ಗುಡ್ಡದ ಮೇಲೆ ಬಿಳಿ ಗುಮ್ಮಟದ ಸ್ತೂಪ, ಅದರ ಮೇಲೆ ನಾಲ್ಕೂ ಕಡೆ ಕಣ್ಣು ಬರೆದಿರುತ್ತಾರಲ್ಲ, ಅದು. ಫೋಟೋ ನೋಡಿದಾಗಿನಿಂದ ಹೋಗಲೇಬೇಕು ಅನ್ನಿಸಿಬಿಟ್ಟಿದೆ.

ತೊಂದರೆ ಎರಡು. ಒಂದು, ಅವ್ವನ ಮಂಡಿ. ವಯಸ್ಸು 62. ಸಪಾಟು ನೆಲದಲ್ಲಿ ಎಷ್ಟು ಬೇಕಾದರೂ ನಡೆಯುತ್ತಾಳೆ, ದಿನಾ ಬೆಳಿಗ್ಗೆ ಕೆರೆ ಸುತ್ತ ವಾಕಿಂಗ್ ಇದೆ, ಆದರೆ ಮೆಟ್ಟಿಲು ಅಂದರೆ ಮುಖ ಸಣ್ಣದಾಗುತ್ತದೆ. ಹತ್ತುವುದಾದರೂ ಹತ್ತಿಯಾಳು, ಇಳಿಯುವಾಗ ಜಾಸ್ತಿ ನೋವು. ಅಲ್ಲಿ 365 ಮೆಟ್ಟಿಲು ಅಂತ ಓದಿದೆ. ಡೋಲಿ ಗೀಲಿ ಏನಾದರೂ ಇರುತ್ತದಾ?

ಎರಡನೆಯದು ದೊಡ್ಡವ್ವ. ಅವಳಿಗೆ 68, ಕಾಲು ಗಟ್ಟಿ ಇವೆ, ಸೋಮವಾರ ತಪ್ಪದೆ ಸಿದ್ಧಾರೂಢ ಮಠಕ್ಕೆ ಹೋಗಿ ಬರುತ್ತಾಳೆ. ಹೆಸರು ಕೇಳಿ ಇದೂ ಸ್ವಯಂಭೂ ಲಿಂಗ ಇರುವ ಜಾಗ ಅಂದುಕೊಂಡಿದ್ದಳು. ಅಲ್ಲಿ ಬುದ್ಧ ಇದ್ದಾನೆ ಅಂದೆ. "ಹಂಗಾದರೆ ನಮ್ಮ ಗುಡಿಯೋ ಅವರ ಗುಡಿಯೋ ಮೊದಲು ಹೇಳು, ನಾನು ಕೈ ಮುಗಿಯೋದು ಯಾರಿಗೆ?" ಅಂತ ಕೂತಿದ್ದಾಳೆ. ನೆಟ್‌ನಲ್ಲಿ ನೋಡಿದರೆ ಒಬ್ಬರು ಬೌದ್ಧರದ್ದು ಅಂತಾರೆ, ಇನ್ನೊಬ್ಬರು ಹಿಂದೂ-ಬೌದ್ಧ ಇಬ್ಬರದೂ ಅಂತಾರೆ. ಹೋಗಿ ಬಂದವರು ಯಾರಾದರೂ ಇದ್ದರೆ ಸ್ವಲ್ಪ ಬಿಡಿಸಿ ಹೇಳಿ. ವಿಭೂತಿ ಹಚ್ಚಿಕೊಂಡು ಹೋದರೆ ಯಾರಾದರೂ ಏನಾದರೂ ಅಂತಾರಾ, ಅದನ್ನೂ ಕೇಳು ಅಂದಿದ್ದಾಳೆ.

ಮಳಮಡ್ಡಿ ಮಾಸ್ತರ (ಧಾರವಾಡ)

ಡೋಲಿಯ ಆಸೆ ಬಿಡಿ ತಮ್ಮಾ, ಅದರ ಅವಶ್ಯಕತೆಯೂ ಇಲ್ಲ. ಗುಡ್ಡಕ್ಕೆ ಎರಡು ದಾರಿ ಇವೆ.

365 ಮೆಟ್ಟಿಲು ಮೂಡಣ ಕಡೆಯವು. ಆ ಬುಡಕ್ಕೆ ಭಗವಾನ್ ಪಾವ್ ಅಂತಾರೆ. ಮೊದಲು ಅಗಲವಾಗಿ, ಆರಾಮವಾಗಿ ಶುರುವಾಗುತ್ತದೆ, ಎರಡೂ ಕಡೆ ಮರ, ದೊಡ್ಡ ದೊಡ್ಡ ಬುದ್ಧನ ಮೂರ್ತಿ. ಇಷ್ಟೇನಾ ಅನ್ನಿಸುತ್ತದೆ. ಕೊನೆ ಕೊನೆಗೆ ಮಾತ್ರ ಗೋಡೆ ಹತ್ತಿದ ಹಾಗೆ ಕಡಿದಾಗುತ್ತದೆ. ಮೆಟ್ಟಿಲು ಸಣ್ಣವು, ಪಾದ ಪೂರ್ತಿ ಊರಲು ಆಗಲ್ಲ, ನಡುವೆ ಕಬ್ಬಿಣದ ಕಂಬಿ ಹಿಡಿದುಕೊಂಡೇ ಹೋಗಬೇಕು. ಇಳಿಯುವಾಗ ನನ್ನಂಥವನಿಗೇ ಕೆಳಗೆ ನೋಡಲು ಧೈರ್ಯ ಆಗಲಿಲ್ಲ. ನಿಮ್ಮ ತಾಯಿಯವರನ್ನು ಅಲ್ಲಿ ಕರೆದುಕೊಂಡು ಹೋಗಲೇಬೇಡಿ.

ಪಡುವಣ ಕಡೆಯಿಂದ ಗಾಡಿ ಗುಡ್ಡದ ಮೇಲಕ್ಕೇ ಬರುತ್ತದೆ. ಟ್ಯಾಕ್ಸಿಯವನಿಗೆ "ಸ್ವಯಂಭು ಪಾರ್ಕಿಂಗ್, ಹಿಂದಿನ ಗೇಟು" ಅಂತ ಹಿಂದಿಯಲ್ಲಿ ಹೇಳಿದರೆ ಸಾಕು, ತಿಳಿಯುತ್ತದೆ. ಮೊದಲೇ ಹೇಳದಿದ್ದರೆ ಎಷ್ಟೋ ಜನ ಮುಂದಿನ ಮೆಟ್ಟಿಲ ಬುಡಕ್ಕೇ ತಂದು ಬಿಡುತ್ತಾರೆ, ಪೇಟೆಯಿಂದ ಅದೇ ಹತ್ತಿರ. ಪಾರ್ಕಿಂಗ್ ಇಂದ ಮೇಲಿನ ಅಂಗಳಕ್ಕೆ ಇನ್ನೂ ಮೆಟ್ಟಿಲು ಇವೆ, ಇಲ್ಲ ಅನ್ನಲ್ಲ, ಆದರೆ ಬಹಳ ಕಡಿಮೆ, ನಡುನಡುವೆ ಸಪಾಟು ಜಾಗ ಸಿಗುತ್ತದೆ. ಕೂತು ಕೂತು ಹೋಗಬಹುದು.

ದಾರಿಯಲ್ಲಿ ಒಂದು ಸಣ್ಣ ಕೊಳ ಬರುತ್ತದೆ, ವಿಶ್ವಶಾಂತಿ ಕೊಳ ಅಂತ. ನಡುವೆ ಬುದ್ಧ ನಿಂತಿದ್ದಾನೆ, ಅವನ ಪಾದದ ಹತ್ತಿರ ಒಂದು ಪಾತ್ರೆ. ಜನ ಕಟ್ಟೆಗೆ ನಿಂತು ಆ ಪಾತ್ರೆಯೊಳಗೆ ಬೀಳುವಂತೆ ನಾಣ್ಯ ಎಸೆಯುತ್ತಾರೆ. ಪಕ್ಕದಲ್ಲೇ ನೋಟಿಗೆ ಚಿಲ್ಲರೆ ಕೊಡುವವರು ಕೂತಿರುತ್ತಾರೆ. ಎಸೆದದ್ದು ಒಂದೂ ಪಾತ್ರೆಗೆ ಬೀಳಲ್ಲ. ಆದರೂ ದೊಡ್ಡವರು, ಸಣ್ಣವರು ಎಲ್ಲ ಬಿಡದೆ ಎಸೆಯುತ್ತಾರೆ. ಅವ್ವನವರಿಗೆ ಅಲ್ಲಿ ಒಂದು ಹತ್ತು ನಿಮಿಷ ವಿಶ್ರಾಂತಿ, ನಿಮಗೆ ಚಿಲ್ಲರೆ ಖರ್ಚು.

ಗೇಟಿನಲ್ಲಿ ಟಿಕೆಟ್ ಇದೆ. ನೇಪಾಳಿಗಳಿಗೆ ಇಲ್ಲ, ಸಾರ್ಕ್ (ದಕ್ಷಿಣ ಏಷ್ಯಾ ಒಕ್ಕೂಟ) ದೇಶದವರಾದ ನಮಗೆ ಬೇರೆ ವಿದೇಶಿಯರಿಗಿಂತ ಕಡಿಮೆ. ಸುಮ್ಮನೆ ವಿದೇಶಿ ಸಾಲಿನಲ್ಲಿ ನಿಲ್ಲಬೇಡಿ, ಭಾರತದವರು ಅಂತ ಹೇಳಿ.

ಗಡಿಯಾರ 15 ನಿಮಿಷ ಮುಂದೆ ಮಾಡಿಕೊಳ್ಳಿ. ಅಲ್ಲಿನ ಟೈಮು ನಮಗಿಂತ ಅಷ್ಟು ಮುಂದೆ.

ಸುಮ್ನೆ ಓದುವವ (ಹುಬ್ಬಳ್ಳಿ)

ಇದರಲ್ಲಿ ಗೊಂದಲ ಏನಿದೆ? ಸ್ತೂಪ ಅಂದಮೇಲೆ ಬೌದ್ಧರದ್ದು. ಹಿಂದೂ-ಬೌದ್ಧ ಅನ್ನೋದೆಲ್ಲ ಟೂರಿಸ್ಟ್ ಕಂಪನಿಯವರ ಮಾತು, ಎರಡೂ ಕಡೆಯವರು ಬರಲಿ ಅಂತ. ದೊಡ್ಡವ್ವನವರಿಗೆ ಇಷ್ಟ ಇಲ್ಲ ಅಂದರೆ ಒತ್ತಾಯ ಯಾಕೆ? ಪಶುಪತಿನಾಥ ನೋಡಿಸಿ, ಕರೆದುಕೊಂಡು ಬನ್ನಿ. ಬೌದ್ಧ ಮಠ ನೋಡಬೇಕು ಅಂದರೆ ನಮಗೆ ಮುಂಡಗೋಡ ಇಲ್ಲೇ ಪಕ್ಕದಲ್ಲಿದೆ, ವಿಮಾನ ಹತ್ತಬೇಕಾ?

ಬೆಟಗೇರಿ ನೇಕಾರ (ಗದಗ)

ಮೇಲಿನವರ ಮಾತಿನಲ್ಲಿ ಅರ್ಧ ಸರಿ ಇದೆ. ಸ್ತೂಪ ಬೌದ್ಧರದ್ದೇ. ಅದರ ಸುತ್ತ ಐದು ಬುದ್ಧರು ಗೂಡುಗಳಲ್ಲಿ ಕೂತಿದ್ದಾರೆ: ಅಕ್ಷೋಭ್ಯ ಮೂಡಣಕ್ಕೆ, ರತ್ನಸಂಭವ ತೆಂಕಣಕ್ಕೆ, ಅಮಿತಾಭ ಪಡುವಣಕ್ಕೆ, ಅಮೋಘಸಿದ್ಧಿ ಬಡಗಣಕ್ಕೆ, ವೈರೋಚನನ ಗೂಡು ಮೂಡಣದ ಪಕ್ಕಕ್ಕೆ. ನಡುನಡುವೆ ತಾರಾದೇವಿಯರು. ದಿನದ ಪೂಜೆ ಮಾಡುವವರು ನೇವಾರ ಸಮುದಾಯದ ಬುದ್ಧಾಚಾರ್ಯರು. ಅವರು ಮುಂಡಗೋಡದಲ್ಲಿ ಕಾಣುವ ಲಾಮಾಗಳಲ್ಲ. ಮುಂಡಗೋಡಕ್ಕೆ ಟಿಬೆಟ್‌ನವರು ಬಂದು ನೆಲೆಸಿದ್ದು 1966ರ ಸುಮಾರಿಗೆ. ಸ್ವಯಂಭು ಕಠ್ಮಂಡು ಕಣಿವೆಯ ಮೂಲನಿವಾಸಿಗಳಾದ ಈ ನೇವಾರರ ಗುಡಿ. ಗೋಪಾಲರಾಜ ವಂಶಾವಳಿ ಅನ್ನುವ ಹಳೆಯ ಬಖೈರು ಇದನ್ನು ಕಟ್ಟಿಸಿದವನು ಲಿಚ್ಛವಿ ವಂಶದ ರಾಜ ವೃಷದೇವ ಅನ್ನುತ್ತದೆ, ಅಂದರೆ 5ನೇ ಶತಮಾನದ ಹೊತ್ತು. ನಮ್ಮ ಕಡೆ ಕದಂಬರ ಕಾಲ. 1349ರಲ್ಲಿ ಬಂಗಾಲದ ಸುಲ್ತಾನ ಶಂಸುದ್ದೀನ್ ಇಲಿಯಾಸ್ ದಾಳಿ ಮಾಡಿದಾಗ ಒಡೆದು ಹಾಕಿದ್ದರು, ಮತ್ತೆ ಕಟ್ಟಿದರು.

ಉಳಿದರ್ಧ ತಪ್ಪು. ಟೂರಿಸ್ಟ್ ಕಂಪನಿ ಹುಟ್ಟುವ ಎಷ್ಟೋ ಮೊದಲೇ ಅಲ್ಲಿ ಇಬ್ಬರೂ ಇದ್ದರು. ಮೂಡಣ ಮೆಟ್ಟಿಲು ಹತ್ತಿ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಆಳೆತ್ತರದ ಪೀಠದ ಮೇಲೆ ಅಡ್ಡ ಮಲಗಿಸಿದ ದೊಡ್ಡ ವಜ್ರ (ರತ್ನ ಅಲ್ಲ, ಇಂದ್ರನ ವಜ್ರಾಯುಧದಂಥದ್ದು), ಮೇಲೆಲ್ಲ ಚಿನ್ನದ ಬಣ್ಣ. ಪೀಠದ ಸುತ್ತ ಟಿಬೆಟ್ ಪಂಚಾಂಗದ 12 ಪ್ರಾಣಿಗಳ ಕೆತ್ತನೆ. ಇದನ್ನು ಇಡಿಸಿದವನು 17ನೇ ಶತಮಾನದಲ್ಲಿ ಕಠ್ಮಂಡು ಆಳಿದ ಪ್ರತಾಪಮಲ್ಲ. ವಜ್ರದ ಎಡಕ್ಕೆ ಬಲಕ್ಕೆ ಬಿಳಿ ಶಿಖರದ ಎರಡು ಗುಡಿ ಕಟ್ಟಿಸಿದವನೂ ಅವನೇ, ಪ್ರತಾಪಪುರ, ಅನಂತಪುರ. ಅವನು ಹಿಂದೂ ರಾಜ. ಅನಂತಪುರದ ಶಿಖರ 2015ರ ಏಪ್ರಿಲ್ ಭೂಕಂಪದಲ್ಲಿ ಕುಸಿದು ಬಿತ್ತು, ಆಮೇಲೆ ಹಳೆ ರೀತಿಯಲ್ಲೇ ಎಬ್ಬಿಸಿದ್ದಾರೆ.

ಗುಡ್ಡದ ಹಿಂದೆ ಇನ್ನೊಂದು ದಿಣ್ಣೆ ಇದೆ. ಅಲ್ಲಿ ಬೌದ್ಧರು ಮಂಜುಶ್ರೀಯನ್ನು, ಅಂದರೆ ಜ್ಞಾನದ ಬೋಧಿಸತ್ವನನ್ನು, ಪೂಜಿಸುತ್ತಾರೆ. ವಸಂತ ಪಂಚಮಿ ದಿನ ಅದೇ ಜಾಗಕ್ಕೆ ಶಾಲೆ ಮಕ್ಕಳು ಸರಸ್ವತಿ ಅಂತ ಸಾಲು ಹಚ್ಚುತ್ತಾರೆ. ಮಂಜುಶ್ರೀ ಕಥೆ ದೊಡ್ಡವ್ವನವರಿಗೆ ಹೇಳಿ, ಖುಷಿ ಪಡುತ್ತಾರೆ. ಮೊದಲು ಕಣಿವೆ ಪೂರ್ತಿ ಒಂದು ಕೆರೆಯಾಗಿತ್ತಂತೆ. ನಡುವೆ ಒಂದು ಕಮಲ, ಅದರಲ್ಲಿ ತಾನೇ ಹುಟ್ಟಿದ ಜ್ಯೋತಿ. ಮಂಜುಶ್ರೀ ಬಂದು ಚೋಭಾರ್ ಅನ್ನುವಲ್ಲಿ ಗುಡ್ಡವನ್ನು ಕತ್ತಿಯಿಂದ ಸೀಳಿದ, ನೀರೆಲ್ಲ ಹರಿದು ಹೋಯಿತು, ಕಮಲ ಇದ್ದ ಜಾಗ ಗುಡ್ಡವಾಗಿ ನಿಂತಿತು. ಚೋಭಾರ್ ಕಂದರ ಇವತ್ತಿಗೂ ಇದೆ, ಬಾಗ್ಮತಿ ನದಿ ಅಲ್ಲಿಂದಲೇ ಹೊರಗೆ ಹೋಗುತ್ತದೆ. ಕಣಿವೆ ಒಂದು ಕಾಲಕ್ಕೆ ಸರೋವರ ಆಗಿತ್ತು ಅನ್ನುವುದನ್ನು ಭೂಗರ್ಭದವರೂ ಒಪ್ಪುತ್ತಾರೆ.

ಸುಮ್ನೆ ಓದುವವ (ಹುಬ್ಬಳ್ಳಿ)

ಸರಿ ಸರ್, ಇತಿಹಾಸ ಒಪ್ಪಿದೆ. ಆದರೆ ಪ್ರಶ್ನೆ ಹಾಗೇ ಉಳೀತಲ್ಲ. 68ರ ಹೆಂಗಸು ಅಲ್ಲಿ ನಿಂತು ಕೈ ಮುಗಿಯಬೇಕೋ ಬೇಡವೋ?

ಏಲಕ್ಕಿ ಮಾಲೆ (ಹಾವೇರಿ)

ಇದಕ್ಕೆ ನಾನು ಹೇಳುತ್ತೇನೆ, ಯಾಕಂದರೆ ನಮ್ಮ ಅತ್ತೆಯವರದ್ದೂ ಇದೇ ಪ್ರಶ್ನೆ ಇತ್ತು.

ಸ್ತೂಪದ ಹಿಂದೆ, ವಾಯುವ್ಯ ಮೂಲೆಗೆ ಹೋಗಿ. ಅಲ್ಲಿ ಎರಡು ಅಂತಸ್ತಿನ ಮಾಡು ಇರುವ ಸಣ್ಣ ಗುಡಿ ಇದೆ, ಹಾರತಿ ದೇವಿಯದು. ಅಲ್ಲಿನವರು ಅಜಿಮಾ ಅಂತಾರೆ. ಸಿಡುಬಿನ ದೇವಿ, ಮಕ್ಕಳನ್ನು ಕಾಯುವವಳು. ನಾವು ಹೋದಾಗ ಸ್ತೂಪದ ಹತ್ತಿರ ಬರೀ ಫೋಟೋ ತೆಗೆಯುವವರು. ಈ ಸಣ್ಣ ಗುಡಿ ಮುಂದೆ ಮಾತ್ರ ಸಾಲು. ಒಬ್ಬಳು ಬಾಣಂತಿ ಇರಬೇಕು, ಕೈಯಲ್ಲಿ ಕೂಸು, ಅವಳ ಅತ್ತೆಯೋ ತಾಯಿಯೋ ಹಿತ್ತಾಳೆ ತಟ್ಟೆ ಹಿಡಿದಿದ್ದರು. ತಟ್ಟೆಯಲ್ಲಿ ಅಕ್ಕಿ, ಕುಂಕುಮ, ಚೆಂಡುಹೂವು, ಬತ್ತಿ, ಒಂದು ಮೊಟ್ಟೆ. ಅಕ್ಕಿ ಕುಂಕುಮ ಕಲಸಿ ಕೂಸಿನ ಹಣೆಗೆ ಒತ್ತಿದರು. ಕೂಸು ಕಿಟಾರನೆ ಕಿರುಚಿತು. ಅದರ ಕಾಲಿಗೆ ಕಪ್ಪು ದಾರ ಕಟ್ಟಿತ್ತು. ಅತ್ತೆಯವರು ನನ್ನ ಕೈ ಜಗ್ಗಿ "ನೋಡ, ದ್ಯಾಮವ್ವನ ಗುಡಿ" ಅಂದರು. ಮುಂದೆ ಯಾವ ಪ್ರಶ್ನೆಯೂ ಬರಲಿಲ್ಲ. ಸೆರಗು ತಲೆ ಮೇಲೆ ಹೊದ್ದುಕೊಂಡು ತಾವೇ ಸಾಲಿಗೆ ನಿಂತರು.

ಈ ಹಾರತಿ ಕಥೆ ಆಮೇಲೆ ತಿಳಿಯಿತು. ಅವಳು ಯಕ್ಷಿಣಿ, ಊರ ಮಕ್ಕಳನ್ನು ಹಿಡಿದು ತಿನ್ನುತ್ತಿದ್ದಳು. ಅವಳಿಗೇ ನೂರಾರು ಮಕ್ಕಳು. ಬುದ್ಧ ಅವಳ ಕಿರಿಯ ಮಗನನ್ನು ಭಿಕ್ಷಾಪಾತ್ರೆ ಕೆಳಗೆ ಮುಚ್ಚಿಟ್ಟ. ಮೂರು ಲೋಕ ಹುಡುಕಿ ಅಳುತ್ತ ಬಂದಳು. ಇಷ್ಟು ಮಕ್ಕಳಲ್ಲಿ ಒಂದು ಹೋದದ್ದಕ್ಕೆ ನಿನಗೆ ಹೀಗಾದರೆ, ಇರುವ ಒಂದನ್ನೇ ಕಳೆದುಕೊಂಡ ತಾಯಿಗೆ ಹೇಗಾಗಬೇಡ ಅಂದ. ಅಂದಿನಿಂದ ಮಕ್ಕಳನ್ನು ಕಾಯುತ್ತಾಳೆ. ಕಥೆ ಬೌದ್ಧರದ್ದು, ಸಾಲಿನಲ್ಲಿ ನಿಂತವರು ಎರಡೂ ಕಡೆಯವರು. ಯಾರು ಯಾರು ಅಂತ ಅವರನ್ನೇ ಕೇಳಬೇಕು, ನೋಡಿದರೆ ಗೊತ್ತಾಗಲ್ಲ.

ವಿಭೂತಿಗೆ ಯಾರೂ ಏನೂ ಅನ್ನಲ್ಲ. ಅಲ್ಲಿ ಹಣೆ ಖಾಲಿ ಇದ್ದವರೇ ಕಡಿಮೆ. ಮೊಟ್ಟೆ ಇರುವ ತಟ್ಟೆ ಕಂಡು ದೊಡ್ಡವ್ವ ಹಿಂದೆ ಸರಿಯಬಹುದು ಅಂತ ಮೊದಲೇ ಹೇಳಿಟ್ಟಿರಿ, ಅಷ್ಟೇ. ಪ್ರಸಾದ ಕೊಟ್ಟರೆ ಏನು ಅಂತ ನೋಡಿ ತಗೊಳ್ಳಿ.

ಉಣಕಲ್ ಹುಡುಗ (ಹುಬ್ಬಳ್ಳಿ)

ಅಕ್ಕಾರೆ, ದ್ಯಾಮವ್ವನ ಮಾತು ದೊಡ್ಡವ್ವನಿಗೆ ಓದಿ ಹೇಳಿದೆ. "ಆ ಕೂಸಿನ ಕಥಿ ಮತ್ತೊಮ್ಮೆ ಓದು" ಅಂದಳು. ಈಗ ಅವಳಿಗೆ ಮೆಟ್ಟಿಲೂ ಹತ್ತಬೇಕಂತೆ, ಹರಕೆ ಹೊತ್ತವರ ಹಾಗೆ. ಅವ್ವನನ್ನು ಪಾರ್ಕಿಂಗ್ ಕಡೆಯಿಂದ, ದೊಡ್ಡವ್ವನನ್ನು ಮೆಟ್ಟಿಲ ಕಡೆಯಿಂದ ಕರೆದುಕೊಂಡು ಹೋಗಲು ನಾನೇನು ಇಬ್ಬರು ಇದ್ದೇನಾ?

ಇನ್ನೊಂದು ಪ್ರಶ್ನೆ. ಸ್ತೂಪದ ಗುಮ್ಮಟದ ಮೇಲೆ ಹೊಳೆಯುವುದು ನಿಜವಾದ ಚಿನ್ನವಾ? ಇದು ಅವ್ವ ಕೇಳಿದ್ದು.

ಗಿರಮಿಟ್ ಮಿರ್ಚಿ (ಹುಬ್ಬಳ್ಳಿ)

ನಿಜವಾದ ಚಿನ್ನದ ಲೇಪ ರೀ. 2008ರಿಂದ 2010ರ ನಡುವೆ ಪೂರ್ತಿ ಹೊಸದಾಗಿ ಹಚ್ಚಿದರು, ಹತ್ತಿರ ಹತ್ತಿರ 20 ಕೆಜಿ ಚಿನ್ನ. ಕ್ಯಾಲಿಫೋರ್ನಿಯಾದಲ್ಲಿರುವ ಟಿಬೆಟಿಯನ್ ಧ್ಯಾನ ಕೇಂದ್ರವೊಂದು ದುಡ್ಡು ಹಾಕಿತು. ಮೇಲೆ ಒಂದರ ಮೇಲೆ ಒಂದು 13 ಬಳೆ ಎಣಿಸಿ. ಕಣ್ಣುಗಳ ನಡುವೆ ಮೂಗಿನ ಜಾಗಕ್ಕೆ ಸುರುಳಿ ಹಾಗೆ ಇದೆಯಲ್ಲ, ಅದು ನೇಪಾಳಿ ಅಂಕಿ ಒಂದು.

ಈಗ ಮುಖ್ಯ ವಿಷಯ, ಮಂಗ್ಯಾಗಳು. ಅಂಜನಾದ್ರಿಗೆ ಹೋಗಿದ್ದೀರಿ ಅಲ್ವಾ? ಅಲ್ಲಿಯ ಮಂಗ್ಯಾ ಪದವಿ ಮುಗಿಸಿದ್ದರೆ ಇಲ್ಲಿಯವು ಪಿಎಚ್‌ಡಿ. ಪ್ಲಾಸ್ಟಿಕ್ ಚೀಲದ ಸಪ್ಪಳ ಕೇಳಿದರೆ ಸಾಕು. ಬಾಳೆಹಣ್ಣು, ತೆಂಗಿನಕಾಯಿ, ಬಿಸ್ಕಿಟ್ ಎಲ್ಲ ಬ್ಯಾಗಿನೊಳಗೆ, ಜಿಪ್ ಹಾಕಿ. ನೀರಿನ ಬಾಟಲಿ ಕೈಯಲ್ಲಿ ಹಿಡಿದರೂ ಬಿಡಲ್ಲ. ಕಿತ್ತುಕೊಂಡರೆ ಜಗ್ಗಾಡಬೇಡಿ, ಬಿಟ್ಟುಬಿಡಿ. ಕಚ್ಚಿದರೆ ಪ್ರವಾಸದ ತುಂಬ ಇಂಜೆಕ್ಷನ್. ಸಣ್ಣವು ಮೆಟ್ಟಿಲ ಕಂಬಿ ಮೇಲೆ ಜಾರುಬಂಡಿ ಆಡುತ್ತ ಇಳಿಯುತ್ತವೆ. ನೀವು ಅದೇ ಕಂಬಿ ಹಿಡಿದಿರುತ್ತೀರಿ, ಕೈ ನೋಡಿಕೊಳ್ಳಿ. ಮಂಜುಶ್ರೀ ತಲೆಯ ಹೇನುಗಳೇ ಈ ಮಂಗ್ಯಾ ಆದವು ಅಂತ ಅಲ್ಲಿಯವರು ಕಥೆ ಹೇಳುತ್ತಾರೆ, ಹಾಗಾಗಿ ಯಾರೂ ಓಡಿಸಲ್ಲ.

ದುಡ್ಡು: 100 ಭಾರತದ ರೂಪಾಯಿಗೆ 160 ನೇಪಾಳಿ ರೂಪಾಯಿ, 1993ರಿಂದ ಇದೇ ದರ. ಅಂಗಡಿಯವನು ರೇಟು ಹೇಳಿದಾಗ "ಐಸಿಯೋ ಎನ್‌ಸಿಯೋ" ಅಂತ ಕೇಳಿ. ಐಸಿ ನಮ್ಮ ದುಡ್ಡು, ಎನ್‌ಸಿ ಅವರದು. ಕೇಳದೆ ಚೌಕಾಸಿ ಮಾಡಿದರೆ ಐನೂರಕ್ಕೆ ಇಳಿಸಿದೆ ಅಂತ ಖುಷಿಯಲ್ಲಿ ಎಂಟುನೂರು ಕೊಟ್ಟು ಬರುತ್ತೀರಿ. ನೂರರ ನೋಟುಗಳನ್ನು ಜಾಸ್ತಿ ಒಯ್ಯಿರಿ, ಅವು ಎಲ್ಲ ಕಡೆ ನಡೆಯುತ್ತವೆ. ದೊಡ್ಡ ನೋಟಿನ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಮುಂಚೆ ಬ್ಯಾಂಕಿನಲ್ಲಿ ವಿಚಾರಿಸಿ.

ಊಟ: ದಾಲ್ ಭಾತ್ ಎಲ್ಲ ಕಡೆ ಸಿಗುತ್ತದೆ, ಅನ್ನ ಬೇಳೆ ಪಲ್ಯ, ಕೇಳಿದಷ್ಟು ಬಡಿಸುತ್ತಾರೆ. ಮೊಮೊ ತಿನ್ನುವ ಮುಂಚೆ ವೆಜ್ ಅಂತ ಮೂರು ಸಲ ಹೇಳಿ. ಬಫ್ ಅಂತ ಬರೆದಿದ್ದರೆ ಅದು ಎಮ್ಮೆ-ಕೋಣದ ಮಾಂಸ. ಹಿರಿಯರಿಗೆ ಮಾರವಾಡಿ ಭೋಜನಾಲಯ ನೋಡಿ, ಪ್ರವಾಸಿಗರು ಇಳಿದುಕೊಳ್ಳುವ ಠಮೇಲ್ ಪೇಟೆ ಕಡೆ ಸಿಗುತ್ತವೆ. ಖಡಕ್ ರೊಟ್ಟಿ ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುತ್ತೀರಿ ಅಂತ ಗೊತ್ತು, ಹೇಳಬೇಕಾಗಿಲ್ಲ.

ಮಳಮಡ್ಡಿ ಮಾಸ್ತರ (ಧಾರವಾಡ)

ಎರಡು ದಾರಿಯ ತೊಂದರೆಗೆ ಉಪಾಯ ಇದೆ. ಮೂವರೂ ಗಾಡಿಯಲ್ಲಿ ಹಿಂದಿನ ಗೇಟಿಗೆ ಹೋಗಿ. ಎಲ್ಲ ನೋಡಿ ಮುಗಿದ ಮೇಲೆ ಅವ್ವನವರನ್ನು ವಾಪಸು ಗಾಡಿಗೆ ಹತ್ತಿಸಿ. ಗಾಡಿಯವನನ್ನು ಮೊದಲೇ ಗೊತ್ತು ಮಾಡಿ ಕಾಯಲು ಹೇಳಿದ್ದರೆ, ಅವನು ಸುತ್ತು ಹಾಕಿ ಭಗವಾನ್ ಪಾವ್‌ಗೆ ಬರುತ್ತಾನೆ. ನೀವು, ದೊಡ್ಡವ್ವ ಮೆಟ್ಟಿಲು ಇಳಿಯಿರಿ. ದೊಡ್ಡವ್ವನವರು ಹತ್ತಲೇಬೇಕು ಅಂತ ಹಟ ಹಿಡಿದರೆ ಬೆಳಿಗ್ಗೆ ಬೇಗ ಇದೇ ಲೆಕ್ಕ ತಿರುಗಿಸಿ ಮಾಡಿ. ಆದರೆ ನನ್ನ ಕೇಳಿದರೆ 68ಕ್ಕೆ ಆ ಕೊನೆಯ ಮೆಟ್ಟಿಲು ಬೇಡ. ಮಠಕ್ಕೆ ನಡೆದು ಹೋಗುವ ಗಟ್ಟಿತನ ಬೇರೆ, ಇದು ಬೇರೆ. ಮೊದಲು ನೃಪತುಂಗ ಬೆಟ್ಟ ಹತ್ತಿಸಿ ಇಳಿಸಿ, ಮರುದಿನ ಏನಂತಾರೆ ನೋಡಿ.

ಹೋಗುವುದಾದರೆ ಬೆಳಗಿನ ಜಾವವೇ ಹೋಗಿ. ಆಗ ಅದು ಊರವರ ಗುಡಿ, ಒಂಬತ್ತರ ಮೇಲೆ ಟೂರಿಸ್ಟರದ್ದು. ಜ್ಞಾನಮಾಲಾ ಭಜನೆ ಅಂತ ನೇವಾರರು ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಹಾಡುತ್ತಾರೆ. ಧಾರವಾಡದ ಕಿವಿಗೆ ಕೇಳಿದ ಹಾಗೇ ಇರುತ್ತದೆ. ಸಾಹಿತ್ಯ ಬುದ್ಧನದು, ಧಾಟಿ ನಮ್ಮ ಏಕಾದಶಿ ಭಜನೆಯದು ಅನ್ನಿಸಿತು ನನಗೆ. ನಾನು ಚಹಾ ತಣ್ಣಗಾಗುವವರೆಗೂ ಕೂತಿದ್ದೆ.

ನವೆಂಬರ್ ಒಳ್ಳೆಯ ಕಾಲ. ಮಳೆ ನಿಂತಿರುತ್ತದೆ, ಆಕಾಶ ತಿಳಿ ಇದ್ದರೆ ಬಡಗಣಕ್ಕೆ ಹಿಮದ ಸಾಲು ಕಾಣುತ್ತದೆ. ಚಳಿ ಬೆಳಿಗ್ಗೆ ಸಂಜೆ ಇರುತ್ತದೆ, ಸ್ವೆಟರ್ ಮರೆಯಬೇಡಿ. ಎತ್ತರದಿಂದ ಉಸಿರು ಕಟ್ಟುತ್ತದಾ ಅಂತ ಕೆಲವರು ಹೆದರುತ್ತಾರೆ. ಕಠ್ಮಂಡು ಇರುವುದು ಸುಮಾರು 1,400 ಮೀಟರ್ ಎತ್ತರದಲ್ಲಿ. ಊಟಿ ಇದಕ್ಕಿಂತ ಎತ್ತರ.

ಬೆಟಗೇರಿ ನೇಕಾರ (ಗದಗ)

"ಸುಮ್ನೆ ಓದುವವ" ಅವರ ಪ್ರಶ್ನೆಗೆ ಹಾವೇರಿ ಅಕ್ಕಾರು ಉತ್ತರ ಕೊಟ್ಟಾಯಿತು. ಒಂದು ಮಾತು ಮಾತ್ರ ಸೇರಿಸುತ್ತೇನೆ. "ಎಲ್ಲ ಒಂದೇ" ಅಂತ ಹೇಳಿ ದೊಡ್ಡವ್ವನವರನ್ನು ಒಪ್ಪಿಸಬೇಡಿ. ಒಂದೇ ಅಲ್ಲ. ಮಂತ್ರ ಬೇರೆ, ಪೂಜಾರಿ ಬೇರೆ, ಕಥೆ ಬೇರೆ. ಒಬ್ಬರ ಅಂಗಳದಲ್ಲಿ ಇನ್ನೊಬ್ಬರು ಶತಮಾನಗಟ್ಟಲೆ ಓಡಾಡಿಕೊಂಡಿದ್ದಾರೆ, ಅಷ್ಟೇ. ಹಾಗೆ ಹೇಳಿದರೆ ಹಿರಿಯರಿಗೆ ಬೇಗ ತಿಳಿಯುತ್ತದೆ, ಅವರು ಉರುಸಿಗೂ ಹೋಗಿ ಬಂದವರೇ ಇರುತ್ತಾರೆ.

ಇದಕ್ಕೆ ನೇಪಾಳಕ್ಕೇ ಹೋಗಬೇಕಾಗಿಲ್ಲ. ನಮ್ಮ ಗದಗ ಜಿಲ್ಲೆಯ ಡಂಬಳಕ್ಕೆ ಬನ್ನಿ. ಎಲ್ಲರೂ ದೊಡ್ಡಬಸಪ್ಪನ ಗುಡಿ ನೋಡಿ ಹೋಗುತ್ತಾರೆ. ಅಲ್ಲಿ ಸಿಕ್ಕ 1095ರ ಶಾಸನ ಬೇರೆಯೇ ಮಾತು ಹೇಳುತ್ತದೆ. ಆ ಊರಿನ 16 ಸೆಟ್ಟಿಗಳು ಸೇರಿ ಬುದ್ಧನ ವಿಹಾರ ಕಟ್ಟಿಸಿದ್ದರು, ಲಕ್ಕುಂಡಿಯ ವ್ಯಾಪಾರಿಯೊಬ್ಬ ಆರ್ಯ ತಾರಾದೇವಿಯ ವಿಹಾರ ಕಟ್ಟಿಸಿದ್ದ. ಅವಕ್ಕೆ ದತ್ತಿ ಬಿಟ್ಟ ಶಾಸನ ಅದು. ಶೈವ ಗುಡಿಗಳ ನಾಡಿನಲ್ಲಿ, ಆರನೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. ಸ್ವಯಂಭುವಿನ ಗೂಡುಗಳಲ್ಲಿ ಕೂತ ತಾರೆಯೂ ಇವಳೇ. ನಮ್ಮಲ್ಲಿ ವಿಹಾರ ಹೋಯಿತು, ಕಲ್ಲು ಉಳಿಯಿತು. ಅಲ್ಲಿ ಇನ್ನೂ ದೀಪ ಹಚ್ಚುತ್ತಾರೆ.

ಇನ್ನೂ ಒಂದು. ಶಾಸನದ ಎರಡೇ ವರ್ಷಕ್ಕೆ, 1097ರಲ್ಲಿ, ಕರ್ನಾಟಕ ಮೂಲದ ನಾನ್ಯದೇವ ಅನ್ನುವವನು ಈಗಿನ ನೇಪಾಳದ ತರಾಯಿಯಲ್ಲಿರುವ ಸಿಮ್ರೌನ್‌ಗಢದಲ್ಲಿ ರಾಜ್ಯ ಕಟ್ಟಿದ. ಚಾಲುಕ್ಯರ ದಂಡಿನ ಜೊತೆ ಬಡಗಣಕ್ಕೆ ಹೋದವರ ಪೈಕಿ ಇವನೂ ಒಬ್ಬ ಅನ್ನುತ್ತಾರೆ. ಆ ವಂಶಕ್ಕೇ ಕರ್ಣಾಟ ವಂಶ ಅಂತ ಹೆಸರು. ಮುಂದೆ ಕಠ್ಮಂಡುವಿನ ಮಲ್ಲ ರಾಜರು ತಾವೂ ಅದೇ ವಂಶದವರು ಅಂತ ಹೇಳಿಕೊಂಡರು. ಪಶುಪತಿನಾಥನ ಗರ್ಭಗುಡಿ ಪೂಜೆ ಮಾಡುವ ಭಟ್ಟರು ಇವತ್ತಿಗೂ ಕರ್ನಾಟಕದ ಕಡೆಯವರೇ. ಇದನ್ನು ದೊಡ್ಡವ್ವನವರಿಗೆ ವಿಮಾನದಲ್ಲಿ ಹೇಳಿ, ಮೊದಲೇ ಹೇಳಿದರೆ ಇಡೀ ಓಣಿಗೆ ಹೇಳಿಬಿಡುತ್ತಾರೆ.

ಸ್ತೂಪದ ಹಿಂದೆ ಶಾಂತಿಪುರ ಅನ್ನುವ ಮುಚ್ಚಿದ ಗುಡಿ ಇದೆ, ಅದನ್ನೂ ಬಿಡಬೇಡಿ. ಬಾಗಿಲ ಮೇಲೆ ಕಣ್ಣು ಬರೆದಿದೆ. ಒಳಗೆ ಶಾಂತಿಕರ ಆಚಾರ್ಯ ಅನ್ನುವ ತಾಂತ್ರಿಕ ಗುರು ಇನ್ನೂ ತಪಸ್ಸಿಗೆ ಕೂತಿದ್ದಾನೆ ಅಂತ ನಂಬಿಕೆ. ಬರ ಬಿದ್ದಾಗ ಪ್ರತಾಪಮಲ್ಲ ಒಬ್ಬನೇ ಒಳಗೆ ಹೋಗಿ ಮಳೆಯ ಮಂತ್ರ ತಂದ ಅನ್ನುವ ಕಥೆ ಇದೆ. ಗುರ್ಜಿ ಹೊತ್ತು ಮಳೆ ಕರೆದ ಊರಿನವರಿಗೆ ಇದನ್ನು ಬಿಡಿಸಿ ಹೇಳುವುದು ಬೇಕಿಲ್ಲ.

ಸುಮ್ನೆ ಓದುವವ (ಹುಬ್ಬಳ್ಳಿ)

ಡಂಬಳದ್ದು ಗೊತ್ತಿರಲಿಲ್ಲ. ಈ ಭಾನುವಾರ ಹೋಗುತ್ತೇನೆ. ಟೂರಿಸ್ಟ್ ಕಂಪನಿ ಮೇಲಿನ ಸಿಟ್ಟು ಹಾಗೇ ಇದೆ, ಅದು ಬೇರೆ ವಿಷಯ.

ಏಲಕ್ಕಿ ಮಾಲೆ (ಹಾವೇರಿ)

ತಮ್ಮಾ, ಸಣ್ಣ ಸಣ್ಣ ಮಾತು ಕೆಲವು. ಪ್ರದಕ್ಷಿಣೆ ನಮ್ಮ ಹಾಗೇ, ಬಲಕ್ಕೆ ಸ್ತೂಪ ಇಟ್ಟುಕೊಂಡು. ಸುತ್ತ ಇರುವ ತಾಮ್ರದ ಚಕ್ರಗಳನ್ನೂ ಅದೇ ದಿಕ್ಕಿಗೆ ತಿರುಗಿಸಬೇಕು. ಒಳಗೆ "ಓಂ ಮಣಿ ಪದ್ಮೇ ಹೂಂ" ಬರೆದ ಸುರುಳಿ ಇರುತ್ತದೆ, ಒಂದು ತಿರುಗಿಸಿದರೆ ಅಷ್ಟೂ ಜಪಿಸಿದ ಹಾಗೆ. ನಮ್ಮ ಅತ್ತೆಯವರಿಗೆ ಇದು ಬಹಳ ಹಿಡಿಸಿತು, ಜಪಮಣಿಗಿಂತ ಬೇಗ ಆಗುತ್ತದೆ ಅಂದರು. ಚಕ್ರಗಳಿಗೆ ಎಣ್ಣೆ ಜಿಡ್ಡು, ಒಂದು ಹಳೆ ಕರವಸ್ತ್ರ ಇರಲಿ.

ತುಪ್ಪದ ದೀಪ ಅಲ್ಲೇ ಮಾರುತ್ತಾರೆ, ಮನೆಯಿಂದ ಒಯ್ಯಬೇಡಿ. ಅಲ್ಲಿ ನಾಯಿ, ಪಾರಿವಾಳ, ಮಂಗ ಎಲ್ಲ ಸೇರಿ ನೆಲ ಹೊಲಸು ಇರುತ್ತದೆ. ಅಂಗಳದಲ್ಲಿ ಚಪ್ಪಲಿ ನಡೆಯುತ್ತದೆ, ಗುಡಿ ಒಳಗೆ ಮಾತ್ರ ಬಿಡಬೇಕು. ಅವ್ವನವರ ಮಂಡಿಗೆ ಕಟ್ಟುವ ಪಟ್ಟಿ ಇದ್ದರೆ ಹೋಟೆಲಿನಲ್ಲೇ ಕಟ್ಟಿ ಹೊರಡಿಸಿ, ಅಲ್ಲಿ ಸೀರೆ ಸರಿಸಿ ಕಟ್ಟಲು ಜಾಗ ಇಲ್ಲ. ಪಶುಪತಿನಾಥಕ್ಕೆ ಹೋಗುವ ದಿನ ಚರ್ಮದ ಬೆಲ್ಟು, ಪರ್ಸು ಬೇಡ, ಬಿಡಲ್ಲ.

ಸ್ವಯಂಭು ಕಷ್ಟ ಅನ್ನಿಸಿಬಿಟ್ಟರೆ ಬೌದ್ಧನಾಥ ಇದೆ, ಊರಿನ ಇನ್ನೊಂದು ಕಡೆ, ಇದಕ್ಕಿಂತ ದೊಡ್ಡ ಸ್ತೂಪ, ಪೂರ್ತಿ ಸಪಾಟು ನೆಲ. ಅಲ್ಲೂ ಪಕ್ಕದಲ್ಲೇ ಹಾರತಿಯ ಗುಡಿ ಇದೆ.

ಉಣಕಲ್ ಹುಡುಗ (ಹುಬ್ಬಳ್ಳಿ)

ಎಲ್ಲರಿಗೂ ಬಹಳ ಬಹಳ ಧನ್ಯವಾದ. ಮಾಸ್ತರರ ಉಪಾಯವೇ ಸರಿ: ಗಾಡಿಯಲ್ಲಿ ಹಿಂದಿನ ಗೇಟು, ಹಾರತಿ, ಪ್ರದಕ್ಷಿಣೆ, ಆಮೇಲೆ ದೊಡ್ಡವ್ವ ಇಳಿಯುವ ಮೂಡಿನಲ್ಲಿದ್ದರೆ ಮೆಟ್ಟಿಲು. ನೃಪತುಂಗ ಬೆಟ್ಟದ ಪರೀಕ್ಷೆ ಈ ವಾರ. ಹಾರತಿಗೆ ಹಸಿರು ಬಳೆ ಕೊಡಬಹುದಾ ಅಂತ ಕೇಳುತ್ತಿದ್ದಾಳೆ. ಸರಿ, ಅದನ್ನು ಅಲ್ಲೇ ಪೂಜಾರಿಯನ್ನು ಕೇಳಿಕೊಳ್ಳುತ್ತೇವೆ.

ಕೊನೆಗೆ ಒಂದು. ಇಬ್ಬರಿಗೂ ಪಾಸ್‌ಪೋರ್ಟ್ ಇಲ್ಲ. ಆಧಾರ್ ಸಾಕಾಗುತ್ತದಾ? ಟಿಕೆಟ್ ಮಾಡುವ ಹುಡುಗ ಸಾಕು ಅಂದ.

ಗಿರಮಿಟ್ ಮಿರ್ಚಿ (ಹುಬ್ಬಳ್ಳಿ)

ಅವನ ಮಾತು ಕೇಳಿ ಏರ್‌ಪೋರ್ಟಿಗೆ ಹೋಗಬೇಡಿ ಮಾರಾಯರೇ. ನೇಪಾಳಕ್ಕೆ ನಮಗೆ ವೀಸಾ ಬೇಡ, ಆದರೆ ವಿಮಾನದಲ್ಲಿ ಹೋಗುವಾಗ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ವೋಟರ್ ಕಾರ್ಡ್ ಬೇಕು. ಆಧಾರ್ ನಡೆಯುವುದು 65 ದಾಟಿದವರಿಗೆ ಮತ್ತು 15 ತುಂಬದ ಮಕ್ಕಳಿಗೆ, 2019ರಲ್ಲಿ ಗೃಹ ಸಚಿವಾಲಯ ಮಾಡಿದ ಸಡಿಲಿಕೆ ಅದು. ಅಂದರೆ ದೊಡ್ಡವ್ವನವರಿಗೆ ಆಧಾರ್ ನಡೆದೀತು, 62ರ ಅವ್ವನವರಿಗೆ ನಡೆಯಲ್ಲ. ಅವರ ವೋಟರ್ ಕಾರ್ಡ್ ಹುಡುಕಿ ತೆಗೆದಿಡಿ. ಹೆಸರು, ಸ್ಪೆಲ್ಲಿಂಗ್ ಟಿಕೆಟ್‌ನಲ್ಲಿ ಇದ್ದ ಹಾಗೇ ಇದೆಯಾ ನೋಡಿ, ನಮ್ಮ ಕಡೆ ಅವ್ವಂದಿರ ಕಾರ್ಡಿನಲ್ಲಿ "ಅವ್ವ" ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಇರಲ್ಲ. ಒರಿಜಿನಲ್ಲೇ ಒಯ್ಯಿರಿ, ಜೆರಾಕ್ಸ್ ನಡೆಯಲ್ಲ. ದೊಡ್ಡವ್ವನವರದ್ದೂ ಇದ್ದರೆ ಜೊತೆಗಿರಲಿ, ಕೌಂಟರಿನಲ್ಲಿ ವಾದ ಮಾಡುವುದು ತಪ್ಪುತ್ತದೆ.